ಬೀದರ್ ನಂಬರಿನ ಕಾರು, ಹೈದರಾಬಾದಿನ ಕೇಸು

ನಮ್ಮ ಕಾಕಾನ ಡ್ರಂಕ್ ಅಂಡ್ ಡ್ರೈವ್ ಕೇಸು ಕಾಚಿಗೂಡದಲ್ಲಿ ಗುಟ್ಟಾಗಿ ಉಳಿಯಲಿಲ್ಲ. ನೃಪತುಂಗ ಶಾಲೆಯ ಹಳೆಯ ಗೆಳೆಯರು, ಬೇಗಂಬಜಾರಿನ ವ್ಯಾಪಾರಸ್ಥರು, ಸಿಕ್ಕವರೆಲ್ಲ ಒಂದೊಂದು ಬುದ್ಧಿ ಹೇಳಿದರು. ಕೋರ್ಟಿಗೆ ಹೋಗಿ ದಂಡ ಕಟ್ಟಿ ಬಂದಮೇಲೂ ಕಾಕಾನ ತಲೆ ತಿನ್ನುತ್ತಿದ್ದದ್ದು ಕಾರಿನ ಇನ್ಶೂರೆನ್ಸ್. ನವೀಕರಣದ ತಾರೀಖು ಹತ್ತಿರ ಬಂದಿತ್ತು. “ನಿನಗಿನ್ನ ಯಾವ ಕಂಪನಿನೂ ಪಾಲಿಸಿ ಕೊಡಂಗಿಲ್ಲ” ಎಂದು ಒಬ್ಬರು, “ಕೊಟ್ಟರೂ ಮೂರು ಪಟ್ಟು ಸುಲೀತಾರ” ಎಂದು ಇನ್ನೊಬ್ಬರು. ಇಬ್ಬರ ಮಾತೂ ಸುಳ್ಳಾಯಿತು.

ಮನೆ ಬೀದರಿನಲ್ಲಿ, ಕಿರಾಣಿಯ ಸಗಟು ಅಂಗಡಿ ಹೈದರಾಬಾದಿನಲ್ಲಿ. ಜಹೀರಾಬಾದಿನ ದಾರಿಯಲ್ಲಿ ಕಾಕಾನ ಕೆಎ-38 ಕಾರು ಸದಾ ಓಡುತ್ತಲೇ ಇರುತ್ತದೆ. ಔಟರ್ ರಿಂಗ್ ರೋಡಿನ ಕ್ಯಾಮೆರಾಗಳು ಕೊಟ್ಟ ಅತಿವೇಗದ ಚಲನ್‌ಗಳು ಮೊದಲಿನಿಂದ ಇದ್ದವು. ಅದರ ಮೇಲೆ ಒಂದು ಮದುವೆಯ ರಾತ್ರಿ, ಬಂಜಾರಾ ಹಿಲ್ಸ್‌ನಿಂದ ಮರಳುವಾಗ, ಬ್ಯಾರಿಕೇಡು, ಕೈಯಲ್ಲಿ ಯಂತ್ರ ಹಿಡಿದ ಪೇದೆ, “ಊದಂಡಿ ಸಾರ್”. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಕಾಕಾನ ಅಂಕಿ ಮೂರಂಕಿ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ. ಜೈಲು ತಪ್ಪಿತು, ದಂಡ ಬಿತ್ತು, ಲೈಸೆನ್ಸು ಕೆಲವು ತಿಂಗಳು ಅಮಾನತಾಯಿತು.

ಮೊಬೈಲಿನ ಕೆಲಸವೆಲ್ಲ ಮನೆಯಲ್ಲಿ ನನ್ನ ಪಾಲಿಗೆ. ನವೀಕರಣದ ಪರದೆ ತೆರೆದರೆ ಮೊದಲು ಕಾರಿನ ನಂಬರು ಕೇಳಿತು. ಆಮೇಲೆ ಹಳೆಯ ಪಾಲಿಸಿ ಮುಗಿಯುವ ದಿನ. ಆಮೇಲೆ ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ ಎಂದು. ಅಷ್ಟೇ. ಓಡಿಸುವವನು ಯಾರು, ಅವನ ಲೈಸೆನ್ಸು ಜೀವಂತವಾಗಿದೆಯೋ ಇಲ್ಲವೋ, ಕಳೆದ ವರ್ಷ ಯಾವ ಕೋರ್ಟಿನ ಕಟಕಟೆ ಹತ್ತಿದ್ದ, ಯಾವುದೂ ಬೇಕಿರಲಿಲ್ಲ. ಕೊನೆಗೆ ಬಂದ ಮೊತ್ತ ಹಿಂದಿನ ವರ್ಷದ್ದಕ್ಕಿಂತ ಕಡಿಮೆ. ಕಾಕಾ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. “ಏ ತಮ್ಮಾ, ಇದು ನಮ್ಮ ಗಾಡಿದೇ ಏನು?”

ಅವರದೇ. ನಮ್ಮ ದೇಶದಲ್ಲಿ ಕಾರಿನ ವಿಮೆ ಸಾಮಾನ್ಯವಾಗಿ ಬೆಲೆ ಕಟ್ಟುವುದು ಕಾರಿಗೆ, ಸ್ಟೇರಿಂಗ್ ಹಿಡಿದವನಿಗಲ್ಲ. ಎದುರಿನವರಿಗೆ ಆಗುವ ಹಾನಿಗೆಂದು ಕಡ್ಡಾಯವಾಗಿರುವ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ: 2022ರ ಜೂನ್ 1ರಿಂದ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897. ಇದರ ಮೇಲೆ 18% ಜಿಎಸ್‌ಟಿ. ಸಾಧುವಿಗೂ ಇದೇ ದರ, ಸದಾ ಕುಡಿದು ಓಡಿಸುವವನಿಗೂ ಇದೇ ದರ. ನಮ್ಮದೇ ಕಾರಿನ ಹಾನಿ ತುಂಬಿಕೊಡುವ ಭಾಗದ ಬೆಲೆ ಮಾತ್ರ 2007ರಿಂದ ಕಂಪನಿಗಳ ಕೈಗೆ ಬಂದಿದೆ. ಅಲ್ಲೂ ಲೆಕ್ಕಕ್ಕೆ ಬರುವುದು ಕಾರಿನ ಮಾದರಿ, ವಯಸ್ಸು, ಇಂದಿನ ಮೌಲ್ಯ ಮತ್ತು ನೋಂದಣಿಯಾದ ಊರು. ಹಳೆಯ ದರಪಟ್ಟಿಯಲ್ಲಿ ಹೈದರಾಬಾದು, ಬೆಂಗಳೂರಿನಂಥ ಎಂಟು ಮಹಾನಗರಗಳು ‘ಎ’ ವಲಯ. ಬೀದರ್ ‘ಬಿ’ ವಲಯ, ಸ್ವಲ್ಪ ಅಗ್ಗ. ಕಾರು ಯಾವ ಆರ್‌ಟಿಓ ಕಚೇರಿಯಲ್ಲಿ ಹುಟ್ಟಿತು ಎಂದು ವಿಚಾರಿಸುವ ವಿಮೆಗೆ ಅದನ್ನು ಓಡಿಸುವವನು ಯಾವ ಬಾರಿನಿಂದ ಎದ್ದು ಬಂದ ಎಂಬುದು ಬೇಡ.

ಬೇಡ ಎಂದು ಪೂರ್ತಿ ಹೇಳಲಾಗದು. ಕಾಗದದ ಉದ್ದನೆಯ ಪ್ರಸ್ತಾವನೆ ಅರ್ಜಿಗಳಲ್ಲಿ, ಚಾಲಕ ಹಿಂದೆ ಅಪಘಾತ ಮಾಡಿ ಶಿಕ್ಷೆಗೆ ಒಳಗಾಗಿದ್ದಾನೆಯೇ ಎಂಬ ಸಾಲು ಇರುವುದುಂಟು. ಅಂಥ ಸಾಲು ಕಂಡರೆ ಇದ್ದದ್ದನ್ನು ಇದ್ದಹಾಗೆ ತುಂಬಬೇಕು. ಅಲ್ಲಿ ಬರೆದ ಒಂದು ಸುಳ್ಳು ಸಾಕು, ನಾಳೆ ಕ್ಲೇಮ್ ತಿರಸ್ಕರಿಸಲು.

ಚಾಲಕನ ನಡತೆಗೆ ಬೆಲೆ ಕಟ್ಟುವ ಯೋಚನೆ ಬಂದಿಲ್ಲವೆಂದಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಕಚೇರಿ ಇರುವುದು ಇದೇ ಹೈದರಾಬಾದಿನ ನಾನಕ್‌ರಾಮ್‌ಗುಡದಲ್ಲಿ. ಅದು ನೇಮಿಸಿದ ಕಾರ್ಯತಂಡವೊಂದು 2021ರ ಜನವರಿಯಲ್ಲಿ, ಸಂಚಾರ ಉಲ್ಲಂಘನೆಗೆ ತಕ್ಕ ಹಾಗೆ ಹೆಚ್ಚುವರಿ ಪ್ರೀಮಿಯಂ ವಸೂಲು ಮಾಡಬೇಕು ಎಂದು ವರದಿ ಕೊಟ್ಟಿತು. ಕುಡಿದು ಓಡಿಸಿದರೆ 100 ಅಂಕ, ಸಲ್ಲದ ಕಡೆ ನಿಲ್ಲಿಸಿದರೆ 10. ಮೊದಲ ಪ್ರಯೋಗ ದೆಹಲಿಯಲ್ಲಿ ಆಗಲಿ ಎಂದಿತ್ತು. ಕಾಕಾನ ನವೀಕರಣದ ಹೊತ್ತಿಗೆ ಅದು ನಮ್ಮ ಪರದೆಯವರೆಗೆ ಬಂದಿರಲಿಲ್ಲ. ತೆಲಂಗಾಣ 2017ರ ಆಗಸ್ಟ್‌ನಲ್ಲಿ ಬೇರೆಯೇ ಒಂದು ಅಂಕಪದ್ಧತಿ ತಂದಿತ್ತು: 24 ತಿಂಗಳಲ್ಲಿ 12 ಅಂಕ ತುಂಬಿದರೆ ಲೈಸೆನ್ಸು ಅಮಾನತು. ಅದು ಲೈಸೆನ್ಸಿಗೆ ಸಂಬಂಧಿಸಿದ್ದು, ಪ್ರೀಮಿಯಂಗೆ ಅಲ್ಲ.

ಹಾಗಾದರೆ ಗೆಳೆಯರ “ಮೂರು ಪಟ್ಟು” ಎಲ್ಲಿಂದ ಬಂತು? ಅಮೆರಿಕದಿಂದ. ಮಕ್ಕಳನ್ನು ಅಲ್ಲಿಗೆ ಕಳಿಸಿದವರು ಅಲ್ಲಿಯ ಕಾನೂನನ್ನು ಇಲ್ಲಿ ಹೇಳುತ್ತಾರೆ. ಅಲ್ಲಿಯ ಅನೇಕ ರಾಜ್ಯಗಳಲ್ಲಿ ಕುಡಿದು ಓಡಿಸಿ ಸಿಕ್ಕವನ ಪರವಾಗಿ ವಿಮಾ ಕಂಪನಿ ಎಸ್‌ಆರ್-22 ಎಂಬ ಪ್ರಮಾಣಪತ್ರವನ್ನು ಸರ್ಕಾರಕ್ಕೆ ಸಲ್ಲಿಸಬೇಕು, ಸಾಮಾನ್ಯವಾಗಿ ಮೂರು ವರ್ಷ ಅದು ಚಾಲ್ತಿಯಲ್ಲಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಳ್ಳೆಯ ಚಾಲಕರಿಗೆ ಸಿಗುವ 20% ರಿಯಾಯಿತಿ ಇಂಥವನಿಗೆ ಹತ್ತು ವರ್ಷ ಇಲ್ಲ. ಯಾವ ಕಂಪನಿಯೂ ಒಪ್ಪದಿದ್ದರೆ, ಕಂಪನಿಗಳ ನಡುವೆ ಇಂಥ ಗಿರಾಕಿಗಳನ್ನು ಹಂಚಿಕೊಡುವ ಯೋಜನೆಯ ಬಾಗಿಲು ತಟ್ಟಬೇಕು. ಅಲ್ಲಿ ಪಾಲಿಸಿ ಕೊಳ್ಳುವಾಗಲೇ ಬಿಸಿ ತಟ್ಟುತ್ತದೆ. ಇಲ್ಲಿ ಕೊಳ್ಳುವಾಗ ಎಲ್ಲರೂ ನಗುನಗುತ್ತ ಕೊಡುತ್ತಾರೆ, ಕ್ಲೇಮ್ ಮಾಡುವಾಗ ಫೈಲು ಬಿಚ್ಚುತ್ತಾರೆ.

ಕೇಸಿನಿಂದ ಇಲ್ಲಿ ಪ್ರೀಮಿಯಂ ಏರುವುದಿಲ್ಲ ಎಂದು ತಿಳಿಯುವ ಮೊದಲು ಏಜೆಂಟರೊಬ್ಬರು ಉಪಾಯ ಹೇಳಿಕೊಟ್ಟಿದ್ದರು: ಕಾರನ್ನು ಕಾಕುವಿನ ಹೆಸರಿಗೆ ಮಾಡಿಬಿಡಿ, ಅವರ ಮೇಲೆ ಯಾವ ಕೇಸೂ ಇಲ್ಲ. ಕಾಕಾ ಅರ್ಧ ಒಪ್ಪಿಯೂ ಆಗಿತ್ತು. ತಡೆದದ್ದು ಒಂದು ಲೆಕ್ಕ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ 20%ರಿಂದ ಶುರುವಾಗಿ 25, 35, 45, ಕೊನೆಗೆ 50%ರವರೆಗೆ ಏರುತ್ತದೆ. ಅದು ಕಾರಿನ ಆಸ್ತಿಯಲ್ಲ, ಪಾಲಿಸಿದಾರನ ಆಸ್ತಿ. ಕಾರು ಮಾರಿ ಹೊಸದು ಕೊಂಡರೂ ಅವನ ಹಿಂದೆಯೇ ಬರುತ್ತದೆ. ಆದರೆ ಮಾಲೀಕ ಸತ್ತಾಗ ವಾರಸುದಾರರಿಗೆ ಸಿಗುವುದನ್ನು ಬಿಟ್ಟರೆ, ಹೆಂಡತಿಯಾದರೂ ಸರಿ, ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ. ಕಾಕಾ ಆಗ 45%ಕ್ಕೆ ಬಂದು ನಿಂತಿದ್ದರು. ಇಲ್ಲದ ದಂಡವೊಂದನ್ನು ತಪ್ಪಿಸಿಕೊಳ್ಳಲು ಇರುವ ರಿಯಾಯಿತಿಯನ್ನು ಚೆಲ್ಲುವ ಉಪಾಯ ಅದು. ಬೇಗಂಬಜಾರಿನ ವ್ಯಾಪಾರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಲೈಸೆನ್ಸು ಅಮಾನತಾದವರು ಮಾಡುವ ಇನ್ನೊಂದು ಕೆಲಸ, ಹೇಗೂ ಓಡಿಸುವುದಿಲ್ಲವಲ್ಲ ಎಂದು ಪಾಲಿಸಿಯನ್ನು ಬಿಟ್ಟುಬಿಡುವುದು. 90 ದಿನ ದಾಟಿದರೆ ಕೂಡಿಸಿಟ್ಟ ಬೋನಸ್ ಪೂರ್ತಿ ಹೋಗುತ್ತದೆ. ಆಮೇಲೆ ಪೂರ್ಣ ವಿಮೆ ಬೇಕೆಂದರೆ ಕಾರಿನ ತಪಾಸಣೆಯಾಗಬೇಕು. ಈಗಂತೂ ಮೊಬೈಲ್ ಹಿಡಿದು ನಾಲ್ಕು ಮಗ್ಗುಲು, ಮುಂದಿನ ಗಾಜು, ಚಾಸಿ ನಂಬರು, ಓಡಿದ ಕಿಲೋಮೀಟರು ಎಲ್ಲ ಕಾಣುವಂತೆ ನಾವೇ ವಿಡಿಯೋ ಮಾಡಿ ಕಳಿಸಬೇಕು. ನಿಂತ ಕಾರಿಗೆ ಅಪಾಯವಿಲ್ಲ ಎಂಬ ಮಾತನ್ನು ಹೈದರಾಬಾದಿನವರ ಮುಂದೆ ಆಡಬಾರದು. 2020ರ ಅಕ್ಟೋಬರ್ 13ರ ರಾತ್ರಿಯ ಮಳೆಯಲ್ಲಿ ನೀರಿಗೆ ಸಿಕ್ಕ ಕಾರುಗಳಲ್ಲಿ ಎಷ್ಟೋ ಮನೆ ಮುಂದೆ, ನೆಲಮಾಳಿಗೆಯಲ್ಲಿ ನಿಂತಿದ್ದವೇ. ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಕೆಡಿಸಿಕೊಂಡರೆ ಮಾಮೂಲಿ ಪಾಲಿಸಿ ಅದನ್ನು ತುಂಬಿಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಎಂಬುದನ್ನು ಬೇರೆಯಾಗಿ ಹಾಕಿಸಿರಬೇಕು.

ಆ ತಿಂಗಳುಗಳಿಗೆ ಕಾಕಾ ಸಂಬಳದ ಡ್ರೈವರ್‌ನನ್ನು ಇಟ್ಟುಕೊಂಡರು. ಅವನಿಗೆ ಏನಾದರೂ ಆದರೆ ಮಾಲೀಕನ ಮೇಲೆ ಬರುವ ಹೊಣೆಗೆಂದು ಪಾಲಿಸಿಯಲ್ಲಿ ಒಂದು ಸಾಲು ಸೇರಿಸಬಹುದು. ವರ್ಷಕ್ಕೆ 50 ರೂಪಾಯಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಮಾಲೀಕನಿಗಾಗಿ ಇರುವ 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯ ಕಥೆ ಬೇರೆ. ಓಡಿಸುವ ಹೊತ್ತಿಗೆ ಅವನ ಕೈಯಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸು ಇರಬೇಕು. ಅಮಾನತಿನ ಅವಧಿಯಲ್ಲಿ “ಇಲ್ಲೇ ಮೂಲಿಗೆ” ಎಂದು ಕಾಕಾ ಕೀಲಿ ಎತ್ತಿಕೊಂಡಿದ್ದರೆ ಆ 15 ಲಕ್ಷ ಕಾಗದದ ಮೇಲಷ್ಟೇ ಇರುತ್ತಿತ್ತು.

ಕೇಸಿನಲ್ಲಿ ಸಿಕ್ಕವರನ್ನು ಇಲ್ಲಿಯ ಪೊಲೀಸರು ಗೋಷಾಮಹಲ್‌ನ ಟ್ರಾಫಿಕ್ ತರಬೇತಿ ಸಂಸ್ಥೆಗೆ ಕರೆಸಿ, ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿ ತಿಳಿಹೇಳುತ್ತಾರೆ. ಕಾಕಾನ ಜತೆ ಕಾಕು ಹೋಗಿದ್ದರು. ಅಪಘಾತಗಳ ವಿಡಿಯೋ ನೋಡಿ ಬಂದವರು ಸಂಜೆ ಚಹಾ ಸೋಸುತ್ತ ಕೇಳಿದ್ದು ಒಂದೇ ಪ್ರಶ್ನೆ. “ಅವತ್ತು ಯಾರಿಗ್ಯಾರ ಬಡದಿದ್ರ, ನಮ್ಮ ಇನ್ಶೂರೆನ್ಸ್ ರೊಕ್ಕ ಕೊಡತಿತ್ತಲ್ಲ?”

ಎದುರಿನವರಿಗೆ ಕೊಡುತ್ತಿತ್ತು, ಆಮೇಲೆ ನಮ್ಮಿಂದ ಕಿತ್ತುಕೊಳ್ಳುತ್ತಿತ್ತು. ಸ್ವರಣ್ ಸಿಂಗ್ ಪ್ರಕರಣವೆಂದು ವಕೀಲರು ಹೇಳುವ 2004ರ ಸುಪ್ರೀಂ ಕೋರ್ಟ್ ತೀರ್ಪು ಈ ದಾರಿಯನ್ನು ಗಟ್ಟಿ ಮಾಡಿತು: ಲೈಸೆನ್ಸಿನ ಷರತ್ತು ಮುರಿದ ಪ್ರಕರಣದಲ್ಲೂ ಕಂಪನಿ ಮೊದಲು ಬಲಿಪಶುವಿಗೆ ಪರಿಹಾರ ಕೊಡಲಿ, ನಂತರ ಮಾಲೀಕನಿಂದ ವಸೂಲು ಮಾಡಲಿ. 2019ರ ತಿದ್ದುಪಡಿಯಲ್ಲಿ ಕುಡಿದು ಓಡಿಸಿದ್ದನ್ನೂ ವಿಮಾ ಕಂಪನಿ ಮುಂದಿಡಬಹುದಾದ ವಾದಗಳ ಪಟ್ಟಿಗೆ ಸೇರಿಸಲಾಗಿದೆ. ಕುಡಿದ ಚಾಲಕನ ಪ್ರಕರಣದಲ್ಲೂ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ವಸೂಲು ಮಾಡಬೇಕೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತು. ಒಂದು ಸಾವಿಗೆ ನ್ಯಾಯಮಂಡಳಿ ಕೊಡಿಸುವ ಪರಿಹಾರ ಹತ್ತಾರು ಲಕ್ಷಕ್ಕೆ ಹೋಗುವುದುಂಟು. ವಸೂಲಿಗೆ ಅಂಗಡಿ, ಮನೆ ಎಲ್ಲವೂ ಸಿಗುತ್ತವೆ. ಕಾಕು ಚಹಾದ ಲೋಟ ಕಾಕಾನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟರು.

ನಮ್ಮದೇ ಕಾರಿನ ಹಾನಿಯ ವಿಷಯದಲ್ಲಂತೂ ಬಾಗಿಲು ಪೂರ್ತಿ ಮುಚ್ಚಿದೆ. 2007ರ ಡಿಸೆಂಬರ್ 22ರ ಬೆಳಗಿನ ಜಾವ ದೆಹಲಿಯ ಇಂಡಿಯಾ ಗೇಟ್ ಬಳಿ ಒಂದು ಪೋರ್ಶೆ ಕಾರು ಡಿಕ್ಕಿ ಹೊಡೆದು, ಉರುಳಿ, ಸುಟ್ಟುಹೋಯಿತು. ಚಾಲಕನ ಉಸಿರು ಪರೀಕ್ಷೆ ಆಗಿರಲಿಲ್ಲ, ರಕ್ತ ಪರೀಕ್ಷೆಯೂ ಇಲ್ಲ; ಮದ್ಯದ ವಾಸನೆ ಇತ್ತೆಂದು ವೈದ್ಯಕೀಯ ದಾಖಲೆ ಹೇಳಿತ್ತು. ರಾಷ್ಟ್ರೀಯ ಗ್ರಾಹಕ ಆಯೋಗ ಕಾರಿನ ಮಾಲೀಕ ಸಂಸ್ಥೆಯ ಪರವಾಗಿ ನಿಂತಿತು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು: 30 ಮಿಲಿಗ್ರಾಂ ಮೀರಿದ್ದು ಯಂತ್ರದಿಂದ ಸಾಬೀತಾಗದಿದ್ದರೂ, ಅಮಲಿನ ಪ್ರಭಾವದಲ್ಲಿದ್ದ ಎಂದು ಉಳಿದ ಸಾಕ್ಷ್ಯದಿಂದ ಕಂಡುಬಂದರೆ ಕ್ಲೇಮ್ ನಿರಾಕರಿಸಬಹುದು. ಯಂತ್ರ ಊದದೆ ತಪ್ಪಿಸಿಕೊಂಡರೆ ಸಾಕು ಎನ್ನುವ ಜಾಣರು ಈ ತೀರ್ಪನ್ನು ಓದಿಕೊಳ್ಳಬೇಕು.

ಸತ್ತ ಚಾಲಕನ ಮನೆಯವರಿಗೆ ಪರಿಹಾರ ತಪ್ಪಲು ಕುಡಿತವೇ ಇರಬೇಕೆಂದಿಲ್ಲ, ವೇಗ ಸಾಕು. 2014ರ ಜೂನ್‌ನಲ್ಲಿ ಮಲ್ಲಸಂದ್ರದಿಂದ ಅರಸೀಕೆರೆಗೆ ಬೇರೆಯವರ ಕಾರನ್ನು ಓಡಿಸಿಕೊಂಡು ಹೊರಟ ಒಬ್ಬರು ಅಪಘಾತದಲ್ಲಿ ತೀರಿಕೊಂಡರು. ಮನೆಯವರು 80 ಲಕ್ಷ ಪರಿಹಾರ ಕೇಳಿದರು. ಅತಿವೇಗ ಮತ್ತು ನಿರ್ಲಕ್ಷ್ಯದಿಂದ ಓಡಿಸಿದ್ದು ಸತ್ತವರೇ ಎಂಬ ಕಾರಣಕ್ಕೆ ಪರಿಹಾರ ಕೊಡಿಸಲು ನ್ಯಾಯಮಂಡಳಿ ಒಪ್ಪಲಿಲ್ಲ, ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ, 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬರಲು ನಿರಾಕರಿಸಿತು. ರಿಂಗ್ ರೋಡಿನ ಚಲನ್‌ಗಳನ್ನು ರಿಯಾಯಿತಿ ಸಿಕ್ಕಾಗ ಕಟ್ಟಿದರಾಯಿತು ಎಂದು ಕೂತಿದ್ದ ಕಾಕಾ ಈ ಸುದ್ದಿಯನ್ನು ಪೇಪರಿನಲ್ಲಿ ಎರಡು ಸಲ ಓದಿದರು. ತೆಲಂಗಾಣ ಸರ್ಕಾರ 2022ರಲ್ಲಿ ಕಾರುಗಳ ಬಾಕಿ ಚಲನ್‌ಗೆ 50%, 2023ರ ಕೊನೆಗೆ 60% ಬಿಟ್ಟುಕೊಟ್ಟು ಅಂಥ ಆಸೆಗೆ ನೀರೆರೆದಿತ್ತು ಎಂಬುದನ್ನೂ ಹೇಳಬೇಕು.

ಪಾಲಿಸಿ ಕೊನೆಗೆ ಹೀಗೆ ಆಯಿತು: ಹೆಸರು ಕಾಕಾನದೇ, ಬೋನಸ್ ಹಾಗೆಯೇ, ಎಂಜಿನ್ ಪ್ರೊಟೆಕ್ಟ್ ಸೇರಿತು, ಡ್ರೈವರ್‌ನ 50 ರೂಪಾಯಿ ಸೇರಿತು. ಉಳಿದದ್ದು ಒಂದೇ ತಕರಾರು. ಓಡಿಸುವ ರೀತಿ ನೋಡಿ ಪ್ರೀಮಿಯಂ ಹಾಕುವ ಸೌಲಭ್ಯಕ್ಕೆ ಪ್ರಾಧಿಕಾರ 2022ರ ಜುಲೈಯಲ್ಲಿ ಅನುಮತಿ ಕೊಟ್ಟಿದೆ. ವೇಗ, ಬ್ರೇಕು ಒತ್ತುವ ರೀತಿ ಎಲ್ಲ ಮೊಬೈಲ್ ಅಥವಾ ಕಾರಿನೊಳಗಿನ ಸಾಧನದಿಂದ ಕಂಪನಿಗೆ ಹೋಗುತ್ತದೆ, ಚೆನ್ನಾಗಿ ಓಡಿಸಿದರೆ ರಿಯಾಯಿತಿ. “ಅಂದ್ರ ಪಟಾನ್‌ಚೆರು ದಾಟಿದ ಮ್ಯಾಲ ನಾ ಎಷ್ಟರಾಗ ಹೊಂಟೀನಿ ಅಂತ ಅವರಿಗೆ ತಿಳೀತದೇನು?” ತಿಳಿಯುತ್ತದೆ ಎಂದೆ. ಕಾಕು ಹಾಕಿಸು ಅಂದರು, ಕಾಕಾ ಬ್ಯಾಡ ಅಂದರು. ಆ ವರ್ಷ ಹಾಕಿಸಲಿಲ್ಲ.