ಸಹಿ ಹಾಕುವ ಮುನ್ನ ಕೇಳಿ

ಎಚ್‌ಐವಿ ಸಂಶೋಧನೆಗೆ ಸೇರುತ್ತೀರಾ ಎಂದು ಆಸ್ಪತ್ರೆಯಲ್ಲಿ ಕೇಳಿದರೆ ಅನೇಕ ರೋಗಿಗಳು ಹಿಂಜರಿಯುತ್ತಾರೆ. ನಮ್ಮ ಟಿನ್ ಫ್ಯಾಕ್ಟರಿ ಸುತ್ತಲಿನ ಗಲ್ಲಿಗಳಲ್ಲಿ ಔಷಧಿಯ ಭಯಕ್ಕಿಂತ ‘ಮೊಹಲ್ಲಾದಲ್ಲಿ ಗೊತ್ತಾದರೆ?’ ಎಂಬ ಭಯವೇ ದೊಡ್ಡದು. ಇನ್ನು ಕೆಲವರು, ಬೇಡವೆಂದರೆ ಚಿಕಿತ್ಸೆ ನಿಂತೀತೆಂದು ಓದದೆಯೇ ಸಹಿ ಹಾಕುತ್ತಾರೆ. ಎರಡೂ ಸರಿಯಲ್ಲ.

ಎಲ್ಲ ಸಂಶೋಧನೆಯೂ ಹೊಸ ಔಷಧಿಯದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಸಂಶೋಧಕರೂ ಸೇರಿ ದಕ್ಷಿಣ ಭಾರತದ 631 ರೋಗಿಗಳೊಂದಿಗೆ ನಡೆಸಿ, 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ್ದು ಮಾತ್ರೆಯನ್ನು ನೆನಪಿಸುವ ಮೊಬೈಲ್ ಕರೆಯನ್ನು. ಚಿಕಿತ್ಸೆ ಎಲ್ಲರಿಗೂ ಇತ್ತು. ಕರೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅದು ತಿಳಿದದ್ದೂ ರೋಗಿಗಳು ಸೇರಿದ್ದರಿಂದಲೇ.

2017ರ ಎಚ್‌ಐವಿ ಕಾಯ್ದೆಯ ಪ್ರಕಾರ, ನೀವು ತಿಳಿದು ಒಪ್ಪದೆ ನಿಮ್ಮ ಮೇಲೆ ಸಂಶೋಧನೆ ನಡೆಸುವಂತಿಲ್ಲ. ನಿಮ್ಮ ಗುಟ್ಟನ್ನೂ ಕಾಯಬೇಕು. ಹೊಸ ಔಷಧಿಯ ಪ್ರಯೋಗದಿಂದ ಹಾನಿಯಾದರೆ 2019ರ ನಿಯಮಗಳಂತೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಉಂಟು.

ಆದ್ದರಿಂದ ಕೇಳಿ: ಏನು ಕೊಡುತ್ತೀರಿ? ಅಪಾಯವೇನು? ನನ್ನ ಹೆಸರನ್ನು ಯಾರೆಲ್ಲ ನೋಡುತ್ತಾರೆ? ಸೇರದಿದ್ದರೂ, ಮಧ್ಯೆ ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಮ್ಮ ಹಕ್ಕು.

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಯಾರ ಮಾತಿಗೂ, ನಮ್ಮ ಔಷಧಿಗಾಗಿಯೂ, ಎಆರ್‌ಟಿ ಮಾತ್ರೆ ನಿಲ್ಲಿಸಬೇಡಿ.