ಪರಿಚಯವೆಂದರೆ ಶಿಫಾರಸಲ್ಲ: ಬೋಧನಾಭ್ಯಾಸದ ಒಂದು ಟಿಪ್ಪಣಿ

ಬಿ.ಇಡಿ. ಮುಗಿಸಿ ಹೋದವರ ಬಗ್ಗೆ ನಮ್ಮಂಥ ಶಿಕ್ಷಕ ಪ್ರಶಿಕ್ಷಕರು ಹೆಚ್ಚು ಯೋಚಿಸುವುದಿಲ್ಲ. ಬೀಳ್ಕೊಡುಗೆಯ ಫೋಟೊ ತೆಗೆಸಿಕೊಂಡ ಮೇಲೆ ಮುಂದಿನ ತಂಡದ ದಾಖಲಾತಿ ಶುರುವಾಗುತ್ತದೆ. ನಾನೂ ಹಾಗೆಯೇ ಇದ್ದೆ, ಒಂದು ಫೋನ್ ಕರೆ ಬರುವ ತನಕ.

ಅದು ಜೂನ್ ತಿಂಗಳು. ನಮ್ಮ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕೆ ಹೋಗುವ ಪ್ರೌಢಶಾಲೆಯೊಂದರ ಮುಖ್ಯಶಿಕ್ಷಕರು ಮಾತನಾಡಿದರು. "ಸಾರ್, ನಮ್ಮ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದ್ರು. ಅತಿಥಿ ಶಿಕ್ಷಕರನ್ನ ತಗೋಬೇಕು. ನಿಮ್ಮ ಹಳೇ ವಿದ್ಯಾರ್ಥಿಗಳು ಯಾರಾದ್ರೂ ಇದ್ರೆ ಅರ್ಜಿ ಹಾಕೋಕೆ ಹೇಳಿ." ನಾನು ಬಿಗಿಯಾಗಿಯೇ ಉತ್ತರಿಸಿದೆ: "ಶಿಫಾರಸು ಮಾಡೋ ಅಭ್ಯಾಸ ನನಗಿಲ್ಲ ಸಾರ್." ಅದನ್ನೇ ಪ್ರಾಮಾಣಿಕತೆ ಎಂದುಕೊಂಡಿದ್ದೆ.

ದಸರಾ ರಜೆ ಮುಗಿದರೂ ಆ ಶಾಲೆಯ ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುವವರು ಸಿಗಲಿಲ್ಲ. ನವೆಂಬರಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಅಂಕಪಟ್ಟಿ ಪಡೆಯಲು ಕಾಲೇಜಿಗೆ ಬಂದರು. ಭೌತವಿಜ್ಞಾನ ಓದಿದವರು, ಆ ಶಾಲೆಯಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿಯವರು. "ಮನೇಲೇ ಇದೀನಿ ಸಾರ್, ಟಿ.ಇ.ಟಿ.ಗೆ ಓದ್ತಾ ಇದೀನಿ. ಎಲ್ಲೂ ಖಾಲಿ ಇಲ್ವಂತೆ" ಎಂದರು. ಜೂನ್ ತಿಂಗಳ ಕರೆಯ ವಿಷಯ ಆಕೆಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಆದರೆ ಅಂದು ಸಂಜೆಯೇ ಮುಖ್ಯಶಿಕ್ಷಕರಿಗೆ ಫೋನ್ ಮಾಡಿದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವೊಂದನ್ನು ಆಮೇಲೆ ಓದಿದೆ. ಬೋಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ, ಪರಿಚಿತರ ಮೂಲಕ ಕೆಲಸ ಸಿಕ್ಕವರನ್ನು ಅವರು ಒಂದು ಪ್ರಶ್ನೆ ಕೇಳಿದ್ದರು: ಆ ಪರಿಚಿತರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಪದೇ ಪದೇ ಎಂದವರು ಶೇ. 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಶೇ. 55.6, ಅಪರೂಪಕ್ಕೆ ಎಂದವರು ಶೇ. 27.8. ಸಣ್ಣ ಸಮೀಕ್ಷೆಯೇ, ಆದರೆ ಕಾರಣ ನಮಗೂ ಹೊಂದುತ್ತದೆ. ಆಪ್ತರಿಗೆ ತಿಳಿದಿರುವುದು ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ. ನಮ್ಮ ಪ್ರಶಿಕ್ಷಣಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ "ಎಲ್ಲೂ ಖಾಲಿ ಇಲ್ವಂತೆ" ಎಂಬ ಒಂದೇ ಮಾತನ್ನು ಪರಸ್ಪರ ಹೇಳಿಕೊಳ್ಳುತ್ತಿದ್ದರು!

ಅರ್ಹತೆಯಿಲ್ಲದವರನ್ನು ಒಳಗೆ ತೂರಿಸುವುದು ಶಿಫಾರಸು. ಖಾಲಿ ಜಾಗದ ಸುದ್ದಿಯನ್ನು ಅರ್ಹರಿಗೆ ಮುಟ್ಟಿಸುವುದು ಬೇರೆ. ಈ ವ್ಯತ್ಯಾಸ ನನಗೆ ಹೊಳೆಯಲು ಒಂದು ತರಗತಿಯ ಐದು ತಿಂಗಳು ಖರ್ಚಾಯಿತು.

ಆಕೆ ಡಿಸೆಂಬರಿನಲ್ಲಿ ಆ ಶಾಲೆ ಸೇರಿದರು. ಗೌರವಧನ ಕಡಿಮೆ, ಅದೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಇದನ್ನು ಮುಚ್ಚಿಡುವುದು ಬೇಡ. ಫೆಬ್ರವರಿಯಲ್ಲಿ ನಾನು ಆಕೆಯ ಪಾಠ ನೋಡಲು ಹೋಗಿದ್ದೆ. 'ಎ' ವಿಭಾಗಕ್ಕೆ ಮೂರನೆಯ ಅವಧಿಯಲ್ಲಿ ಓಮ್‌ನ ನಿಯಮದ ಪುನರಾವರ್ತನೆ. ಮಂಡಲ ಜೋಡಿಸಿ ಸ್ವಿಚ್ ಒತ್ತಿದಾಗ ಅಮ್ಮೀಟರಿನ ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಹೋಯಿತು. ತಂತಿಗಳು ಅದಲುಬದಲಾಗಿದ್ದವು. ಮಕ್ಕಳು ನಕ್ಕರು, ಆಕೆ ಗಾಬರಿಯಾಗಿ ಬೇಗ ಸರಿಪಡಿಸಿದರು. ಐದನೆಯ ಅವಧಿಯಲ್ಲಿ 'ಬಿ' ವಿಭಾಗ. ಅಲ್ಲಿ ಬೇಕೆಂದೇ ತಂತಿಗಳನ್ನು ತಿರುವುಮುರುವು ಮಾಡಿ, "ಮುಳ್ಳು ಹಿಂದಕ್ಕೆ ಯಾಕೆ ಹೋಯ್ತು ಹೇಳಿ ನೋಡೋಣ" ಎಂದೇ ಪಾಠ ಆರಂಭಿಸಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ತಾನೇ ತಂತಿ ಬದಲಿಸಿದ.

ಸೂಕ್ಷ್ಮಬೋಧನೆಯಲ್ಲಿ ನಾವು 36 ನಿಮಿಷಗಳ ಚಕ್ರ ಕಲಿಸುತ್ತೇವೆ: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಸಹಪಾಠಿಗಳ ಮುಂದೆ ಅದು ನಾಟಕದಂತೆ ನಡೆದುಹೋಗುತ್ತದೆ. ಈ ಶಾಲೆಯಲ್ಲಿ ಹಿಮ್ಮಾಹಿತಿ ಕೊಟ್ಟದ್ದು ಮಕ್ಕಳ ನಗು, ಮರುಯೋಜನೆಗೆ ಸಿಕ್ಕಿದ್ದು ಊಟದ ಬಿಡುವು. ಅನುಭವ ಪ್ರಮಾಣಪತ್ರದಲ್ಲಿ ಬರೆಯುವ "ಇಷ್ಟು ತಿಂಗಳು" ಎಂಬ ಸಾಲಿನೊಳಗೆ ಇಂಥ ಎಷ್ಟು ಬಿಡುವುಗಳಿವೆಯೋ ನಾವು ಕೇಳುವುದೇ ಇಲ್ಲ.

ಎನ್.ಸಿ.ಟಿ.ಇ.ಯ 2014ರ ನಿಯಮಾವಳಿ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಏರಿಸಿ, ಶಾಲೆಯ ಕೆಲಸಕ್ಕೆ 20 ವಾರ ಕೊಟ್ಟಿತು. ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ. ಆ ವಾರಗಳನ್ನು ಪಾಠಯೋಜನೆಯ ಸಂಖ್ಯೆ ತುಂಬಿಸಲು ಬಳಸುತ್ತಿದ್ದವನು ನಾನೇ. ಈಗ ಎಸ್.ಡಿ.ಎಂ.ಸಿ. ಸಭೆ ನಡೆದರೆ ಅನುಮತಿ ಪಡೆದು ಹಿಂದೆ ಕುಳಿತು ಕೇಳಲು ಹೇಳುತ್ತೇನೆ. ತಯಾರಿಸಿದ ಮಾದರಿಗಳನ್ನು ಅಂಕ ಸಿಕ್ಕ ಮೇಲೆ ಶಾಲೆಗೇ ಬಿಟ್ಟು ಬರಬೇಕು. ಹಿಂತಿರುಗಿದ ತಿಂಗಳೊಳಗೆ ವಿಷಯ ಶಿಕ್ಷಕರಿಗೆ ಒಮ್ಮೆಯಾದರೂ ಫೋನ್ ಮಾಡಿ ಪಾಠದ ಒಂದು ಸಂದೇಹ ಕೇಳಬೇಕು. ಕೆಲಸ ಕೇಳುವುದಲ್ಲ, ಸಂದೇಹ. ಸಂಕೋಚದವರಿಗೆ ಇದು ಕಷ್ಟ. ಅವರ ಜೊತೆ ಮೊದಲ ಸಲ ನಾನೇ ಕುಳಿತು ಫೋನ್ ಮಾಡಿಸುತ್ತೇನೆ.

ಮುಗಿಸಿ ಹೋದವರ ವಿಷಯ, ಊರು, ಫೋನ್ ನಂಬರು ಬರೆದ ಪುಸ್ತಕವೂ ಮೇಜಿನ ಮೇಲಿದೆ. ಈ ಜೂನ್‌ನಲ್ಲಿ ಅದೇ ಮುಖ್ಯಶಿಕ್ಷಕರು ಗಣಿತಕ್ಕೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಮೂವರಿಗೆ ಸುದ್ದಿ ಮುಟ್ಟಿಸಿದೆ. ಮೂವರೂ ಅರ್ಜಿ ಹಾಕಿದರು, ಯಾರೂ ಆಯ್ಕೆಯಾಗಲಿಲ್ಲ. ಅವರಲ್ಲೊಬ್ಬರು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ವಿಷಯ ಹೇಳಿದ್ದರಂತೆ. ಅಂಕ ಹೆಚ್ಚಿದ್ದ ಅವರಿಗೇ ಆ ಜಾಗ ಸಿಕ್ಕಿತು.