ಶೆಡ್ಡಿನೊಳಗಿನ ಅಟ್ಟಕ್ಕೂ ಪರವಾನಗಿ ಬೇಕೆ?

ಹೊರಗೋಡೆ ಮುಟ್ಟುವುದಿಲ್ಲ, ತಗಡಿನ ಚಾವಣಿ ಎತ್ತರಿಸುವುದಿಲ್ಲ. ಶೆಡ್ಡಿನೊಳಗೇ ನಾಲ್ಕು ಕಬ್ಬಿಣದ ಕಂಬ ನಿಲ್ಲಿಸಿ ಹಲಗೆ ಹಾಸಿದರೆ ಮೇಲೊಂದು ಕೋಣೆ ಸಿದ್ಧ. ಇದಕ್ಕೂ ಯಾರನ್ನಾದರೂ ಕೇಳಬೇಕೆ? ಕೇಳಬೇಕು. ಹುಲ್ಲು, ಭತ್ತದ ಚೀಲ ಇಡುವ ಅಟ್ಟ ನಮ್ಮಲ್ಲಿ ಅಜ್ಜನ ಕಾಲದಿಂದಲೂ ಇದೆ. ಆದರೆ ಅಲ್ಲಿ ಜನ ಮಲಗತೊಡಗಿದರೆ, ಅದರಲ್ಲೂ ದಾಂಡೇಲಿಗೆ ಬರುವ ಪ್ರವಾಸಿಗರನ್ನು ಮಲಗಿಸಿದರೆ, ಅದು ಅಟ್ಟವಾಗಿ ಉಳಿಯುವುದಿಲ್ಲ.

ರಾಷ್ಟ್ರೀಯ ಕಟ್ಟಡ ಸಂಹಿತೆ ಎರಡನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. ಸಾಮಾನಿನ ಅಟ್ಟದ ಎತ್ತರ 1.5 ಮೀಟರ್ ಮೀರುವಂತಿಲ್ಲ. ಮೆಜ್ಜನೈನ್ ಎನ್ನುವ ನಡುಮಹಡಿಗೆ ಕನಿಷ್ಠ 2.2 ಮೀಟರ್ ಎತ್ತರ ಬೇಕು. ವಾಸಕ್ಕಾದರೆ 9.5 ಚದರ ಮೀಟರಿಗಿಂತ ಚಿಕ್ಕದಿರಬಾರದು, ಕಟ್ಟಡದ ತಳವಿಸ್ತೀರ್ಣದ ಮೂರನೇ ಒಂದು ಭಾಗವನ್ನು ದಾಟಬಾರದು. ಸಂಹಿತೆ ಮಾರ್ಗದರ್ಶಿ ಮಾತ್ರ. ಅಂತಿಮ ಮಾತು ಸ್ಥಳೀಯ ಕಟ್ಟಡ ಉಪವಿಧಿಯದ್ದು. ಭಾರದ ಲೆಕ್ಕವನ್ನಂತೂ ಯಾರೂ ಹಗುರವಾಗಿ ನೋಡಬಾರದು. ವಾಸದ ಮಹಡಿಯನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ಲೆಕ್ಕ ಹಾಕುತ್ತಾರೆ. 50 ಕಿಲೋದ ನಾಲ್ಕು ಚೀಲ ಒಂದರ ಮೇಲೊಂದು ಒಟ್ಟಿದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು. ಮೇಸ್ತ್ರಿಯ ಕಣ್ಣಳತೆ ಇಲ್ಲಿ ಸಾಲದು, ಎಂಜಿನಿಯರ್ ನೋಡಿ ನಕ್ಷೆ ಮಾಡಿಕೊಡಬೇಕು.

ಆ ನಕ್ಷೆಯೊಂದಿಗೆ ದಾಂಡೇಲಿಯವರು ನಗರಸಭೆಗೆ, ಹಳಿಯಾಳದವರು ಪುರಸಭೆಗೆ, ಮುಂಡಗೋಡದವರು ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಡಬೇಕು. ಇವುಗಳಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 187ನೇ ಕಲಂ ಅನ್ವಯಿಸುತ್ತದೆ. ಜೋಯಿಡಾ ಮತ್ತು ಉಳಿದ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯೇ ಅನುಮತಿ ಕೊಡುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಹೊಸ ಕಟ್ಟಡಕ್ಕಷ್ಟೇ ಅಲ್ಲ, ಇರುವ ಕಟ್ಟಡಕ್ಕೆ ಏನನ್ನಾದರೂ ಸೇರಿಸುವುದಕ್ಕೂ ಲಿಖಿತ ಅನುಮತಿ ಕೇಳುತ್ತದೆ. ಮನೆ ತೆರಿಗೆ ರಸೀದಿಯನ್ನೇ ಪರವಾನಗಿ ಎಂದುಕೊಂಡವರು ಬಹಳ ಮಂದಿ. ಅದು ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಅಷ್ಟೇ.

ಈ ಭಾಗದಲ್ಲಿ ಅಟ್ಟಕ್ಕಿಂತ ಅಟ್ಟದ ಕೆಳಗಿನ ನೆಲದ್ದೇ ದೊಡ್ಡ ಪ್ರಶ್ನೆ. ಕೃಷಿ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಕೊಟ್ಟಿಗೆ, ಕಣಜ ಕಟ್ಟಿಕೊಳ್ಳಲು ರೈತನಿಗೆ ಹಕ್ಕಿದೆ. ಅದೇ ಕೊಟ್ಟಿಗೆಯ ಮೇಲೆ ಬಾಡಿಗೆ ಕೋಣೆ ಮಾಡಬೇಕಾದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು. ಸೊಪ್ಪಿನ ಬೆಟ್ಟದ ಸೌಲಭ್ಯ ಸೊಪ್ಪು, ದರಕು ತರುವುದಕ್ಕೆ, ಕಟ್ಟಡಕ್ಕಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ನೆಲ ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. ಅದನ್ನು ತೋರಿಸಿ ಯಾರಾದರೂ ರೆಸಾರ್ಟ್ ಪಾಲುದಾರಿಕೆಯ ಮಾತೆತ್ತಿದರೆ ಸಹಿ ಹಾಕಬೇಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಆಸುಪಾಸಿನವರು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ವಿಚಾರಿಸುವುದು ಕ್ಷೇಮ.

ತೊಲೆಗೆ ಸಾಗುವಾನಿ ಹಾಕುವ ಆಸೆ ನಮ್ಮವರಿಗೆ ಸಹಜ. ಆದರೆ ಮರದ ಬಗ್ಗೆ ತಕರಾರು ಬಂದಾಗ ಅದು ಸರ್ಕಾರದ್ದಲ್ಲ ಎಂದು ತೋರಿಸುವ ಹೊಣೆ ಇಟ್ಟುಕೊಂಡವರ ಮೇಲೆ ಬೀಳುತ್ತದೆ. ಡಿಪೋದಲ್ಲಿ ಕೊಂಡ ಬಿಲ್ಲು, ಸಾಗಣೆ ಪಾಸು ಎರಡನ್ನೂ ಜೋಪಾನ ಮಾಡಿ.

ಅರ್ಜಿ ಕೊಟ್ಟ ದಿನ ಬರಿಗೈಯಲ್ಲಿ ಮರಳಬೇಡಿ. ಸಕಾಲ ವ್ಯಾಪ್ತಿಯ ಸೇವೆಯಾದರೆ 15 ಅಂಕಿಯ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಕಡತ ಎಲ್ಲಿ ನಿಂತಿದೆ ಎಂದು ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ, ಉತ್ತರಕ್ಕೆ 30 ದಿನದ ಗಡುವಿದೆ.

ಈಗಾಗಲೇ ಕಟ್ಟಿಕೊಂಡು ನೋಟಿಸ್ ಬಂದಿದ್ದರೆ ಹೆದರಿ ಸುಮ್ಮನಿರಬೇಡಿ. ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದಂತೆ ಮುನ್ಸೂಚನೆ ಕೊಟ್ಟು, ಉತ್ತರಕ್ಕೆ ಕನಿಷ್ಠ 15 ದಿನ ಬಿಡದೆ ಕೆಡವುವಂತಿಲ್ಲ. ತೆರವಿನ ಆದೇಶವಾದ ಮೇಲೂ 15 ದಿನ ಕಾಯಬೇಕು. ರಸ್ತೆ, ಕೆರೆ, ನದಿದಂಡೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ನೋಟಿಸಿಗೆ ಉತ್ತರಿಸಲು ಸಿಗುವ ಆ 15 ದಿನಗಳೊಳಗೆ ನಕ್ಷೆ, ಜಮೀನಿನ ದಾಖಲೆ ಸೇರಿಸಿ ಲಿಖಿತ ಉತ್ತರ ಕೊಡಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ.